ಸೋತವರು ಹಾಸು ಮಡಚಬೇಕು

ಬಿಂದುಮಾಧವರಾಯರಿಗೆ ನ್ಯುಮೋನಿಯಾ ಬಂದಾಗ ಮಾಳಮಡ್ಡಿಯ ಅರ್ಧ ಓಣಿ ಅವರ ಆಸೆ ಬಿಟ್ಟಿತ್ತು. ಉಳಿದರ್ಧ ವೈಕುಂಠ ಸಮಾರಾಧನೆಯ ಅಡುಗೆ ಯಾರದೆಂದು ವಿಚಾರಿಸುತ್ತಿತ್ತು. ಜ್ವರವೇನೋ ಇಳಿಯಿತು. ಆದರೆ ಗೋಡೆಯತ್ತ ಮುಖ ಮಾಡಿ ಮಲಗಿದ ರಾಯರು ಈಚೆ ತಿರುಗಲಿಲ್ಲ, ಗಂಜಿ ಮುಟ್ಟಲಿಲ್ಲ.

ಡಾಕ್ಟರರು ಮಗ ರಮಾಕಾಂತನನ್ನು ಹೊರಗೆ ಕರೆದರು. "ಜ್ವರಕ್ಕ ಔಷಧ ಅದ, ಹಟಕ್ಕ ಇಲ್ಲ. ಹೊಟ್ಟಿಗೆ ಹೋಗಲಿಲ್ಲಂದ್ರ ಎಂಟು ದಿವಸ ಸೈತ ಉಳೀತಾರಂತ ಹೇಳಲಾರೆ."

ರಮಾಕಾಂತ ಸಾಲಿ ಮಾಸ್ತರ. ನೂರು ಹುಡುಗರನ್ನು ಅಂಜಿಸುವವನು ಅಪ್ಪನ ಬೆನ್ನು ನೋಡಿ ಅಂಜಿದ. ಅಪ್ಪನಿಲ್ಲದ ಮನೆಯನ್ನು ಅವನು ಎಂದೂ ಎಣಿಸಿರಲಿಲ್ಲ. ಆಗ ಗೂಟದ ಮೇಲಿನ ಪಗಡೆಯ ಹಾಸು ಕಣ್ಣಿಗೆ ಬಿತ್ತು.

ಇಪ್ಪತ್ತು ವರ್ಷ ಪ್ರತಿ ಸಂಜೆ ಆ ಹಾಸು ಕಟ್ಟೆಯ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ಒಂದು ಕಡೆ ಸರಕಾರದ ಪೆನ್ಶನ್ ಉಣ್ಣುವ ಶಿರಸ್ತೇದಾರ ರಾಯರು, ಎದುರಿಗೆ ಗರಗದ ಖಾದಿ ಮಾರುವ ನೀಲಕಂಠಪ್ಪ. ಸ್ವರಾಜ್ಯದ ಬಗ್ಗೆ ಜಗಳಾಡಲು ಇಬ್ಬರಿಗೂ ಪುರುಸೊತ್ತು ಸಿಕ್ಕಿರಲಿಲ್ಲ. ಜಗಳವೆಲ್ಲ ದಾಳದ ಮೇಲೇ. ಕರಾರು ಒಂದೇ: ಸೋತವರು ಹಾಸು ಮಡಚಿ ಗೂಟಕ್ಕೆ ಹಾಕಬೇಕು, ಗೆದ್ದವರು ಅಡಿಕೆ ಕತ್ತರಿಸುತ್ತ ಅದನ್ನು ನೋಡಬೇಕು.

ರಮಾಕಾಂತ ನೀಲಕಂಠಪ್ಪನ ಅಂಗಡಿಗೆ ಓಡಿದ.

"ಕಾಕಾ, ಅಪ್ಪನ ಜೋಡಿ ಆಡ್ರಿ. ಮತ್ತ... ನೀವು ಸೋಲಬೇಕ್ರಿ. ಗೆದ್ದ ಖುಷಿಗೆ ನಾಕು ತುತ್ತು ಉಂಡಾರು."

"ನನ್ನ ಜೋಡೆತ್ತು ಕೇಳಪಾ, ಹೊಡಕೊಂಡು ಹೋಗು ಅಂತೀನಿ. ಸೋಲು ಅಂದ್ರ ಹೆಂಗ?" ಎಂದು ನೀಲಕಂಠಪ್ಪ ಗೋಣು ಅಲ್ಲಾಡಿಸಿದ. ಆದರೂ ಬಂದ.

ಹಾಸಿಗೆಯ ಪಕ್ಕ ದಾಳದ ಸಪ್ಪಳವಾದದ್ದೇ ರಾಯರು ಈಚೆ ತಿರುಗಿದರು. ಮೊದಲ ದಿನ ಗೆದ್ದು ಸೊಸೆ ಇಂದುವಿನ ಕೈಯಿಂದ ಎರಡು ಚಮಚ ಗಂಜಿ ಕುಡಿದರು, ಮರುದಿನ ಗೆದ್ದು ನಾಲ್ಕು. ರಮಾಕಾಂತನಿಗೆ ಸ್ವರ್ಗ ಮೂರೇ ಗೇಣು. ಮೂರನೆಯ ದಿನ ರಾಯರ ಕಾಯೊಂದು ನಡುದಾರಿಯಲ್ಲಿ ಒಂಟಿಯಾಗಿ ಸಿಕ್ಕಿತು. ಕುರುಡನೂ ಹೊಡೆಯುತ್ತಿದ್ದ. ನೀಲಕಂಠಪ್ಪ ಬೆವರು ಒರೆಸಿಕೊಂಡು ಬೇರೆ ಕಾಯಿ ನಡೆಸಿದ.

ರಾಯರು ಅವನನ್ನು ನೋಡಿದರು, ಆಮೇಲೆ ಮಗನನ್ನು.

"ಡಾಕ್ಟರು ಎಷ್ಟು ದಿವಸ ಅಂದಾರ?"

ರಮಾಕಾಂತ ಗಂಜಿಯ ಬಟ್ಟಲನ್ನು ಸುಮ್ಮನೆ ಅತ್ತಿತ್ತ ಸರಿಸಿದ.

"ಈ ಮನಷ್ಯಾ ತನ್ನ ಮಗಳ ಲಗ್ನದ ದಿವಸನೂ ನನ್ನ ಕಾಯಿ ಬಿಟ್ಟಿಲ್ಲ. ಇವತ್ತ ಬಿಟ್ಟಾನಂದ್ರ ನಾ ಹೋಗಾವನ ಅಂತ ಆತು." ಧ್ವನಿ ಸಿಟ್ಟಿನಿಂದ ಏರಿತು. "ಭಿಕ್ಷಾ ಹಾಕ್ಲಿಕ್ಕೆ ಬಂದೀಯೇನು, ನೀಲಕಂಠಪ್ಪಾ? ಇಂದೂ, ಬಟ್ಟಲ ತುಂಬ ಗಂಜಿ ತಾರವಾ. ಕಟ್ಟಿ ಮ್ಯಾಲ ಕೂತು ಆಡ್ತೀನಿ. ಅವಾಗ ಹೆಂಗ ಬಿಡ್ತಾನ ನೋಡ್ತೀನಿ."

ಸೊಸೆ ಒಲೆಯ ಮುಂದೆಯೇ ಕಾಯುತ್ತಿದ್ದಳು. ಅಂದಿನಿಂದ ರಾಯರು ಬರೀ ಸಿಟ್ಟಿಗೆ ಉಂಡರು. ಗಂಜಿ ಹೋಗಿ ಅನ್ನ ಬಂತು, ಅನ್ನ ಹೋಗಿ ಭಕ್ರಿ ಬಂತು. ತಿಂಗಳೊಪ್ಪತ್ತಿನಲ್ಲಿ ಮಗನ ಹೆಗಲು ಹಿಡಿದು ಕಟ್ಟೆಗೆ ಬಂದರು.

ಈ ಸಲ ನೀಲಕಂಠಪ್ಪ ದಯೆ ದಾಕ್ಷಿಣ್ಯ ನೋಡಲಿಲ್ಲ. ಸಿಕ್ಕ ಕಾಯನ್ನೆಲ್ಲ ಹೊಡೆದ. ರಾಯರದು ಒಂದೂ ಹಣ್ಣಾಗಿ ಮನೆ ಸೇರಲಿಲ್ಲ. ಈ ಸೋಲಿಗೆ ಅಪ್ಪ ಮತ್ತೆ ಗೋಡೆಯತ್ತ ತಿರುಗಿಬಿಟ್ಟಾರೆಂದು ರಮಾಕಾಂತನಿಗೆ ದಿಗಿಲು. ಹಾಸು ತೆಗೆಯಲು ತಾನೇ ಬಗ್ಗಿದ.

"ಕೈ ತಗಿ," ಎಂದರು ರಾಯರು. "ಸೋತಾವ ನಾನು."

ಮಡಿಕೆಗೆ ಮಡಿಕೆ ಕೂಡಿಸಿ, ಗೋಡೆ ಹಿಡಿದು ಎದ್ದು, ಹಾಸನ್ನು ಗೂಟಕ್ಕೆ ಹಾಕಿದರು. ನೀಲಕಂಠಪ್ಪ ಅಡಿಕೆ ಕತ್ತರಿಸುವುದನ್ನು ಬಿಟ್ಟು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ. ರಾಯರ ಮುಖ ಮಾತ್ರ ಹೋಳಿಗೆ ಉಂಡವರಂತೆ ಅರಳಿತ್ತು.

"ನೋಡಿದ್ಯಾ, ರಮಾಕಾಂತ," ಎಂದರು. "ಸಾಯಾವನ್ನ ಯಾರೂ ಹಿಂಗ ಬಡಿಯೂದಿಲ್ಲ."