ಬೈಗುಳ ತೆಗೆದೆ, ಹೆಸರು ಕೊಡಲಿಲ್ಲ

ಗಂಡ ಮನೋಹರನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ತ್ರಿವೇಣಿ ಅವನ ಲ್ಯಾಪ್‌ಟಾಪ್ ತೆರೆದಳು. ಹೊಸಪೇಟೆಯ ಸುದ್ದಿಗೆಂದು ಮನೋಹರ್ ನಡೆಸುತ್ತಿದ್ದ ವೆಬ್‌ಸೈಟಿಗೆ ಇನ್ನು ಅವಳೇ ದಿಕ್ಕು. ಅವನ ಸಾವಿನ ಸುದ್ದಿಯ ಕೆಳಗೆ ಯಾರೋ ಹೆಸರು ಹಾಕದೆ ಕಾಮೆಂಟ್ ಬರೆದಿದ್ದರು: ‘ಅದಿರು ಲಾರಿ ಬೇಕಂತಲೇ ಅವರ ಬೈಕಿಗೆ ಗುದ್ದಿತು. ಸಂಡೂರು ರಸ್ತೆಯಲ್ಲಿ ಕಣ್ಣಾರೆ ಕಂಡೆ. ಮಾಲೀಕ ಹಲ್ಕಾ ನನ್ಮಗ.’ ಅದರ ಮೇಲೆ ದೂರೂ ಬಂದಿತ್ತು.

ಬರೆದವರ ಇಮೇಲ್ ಅವಳಿಗಷ್ಟೇ ಕಾಣುತ್ತಿತ್ತು. ಫೋಟೋ ಸ್ಟುಡಿಯೋದ ಹಾಲೇಶ್ ತನ್ನ ಅಂಗಡಿಯ ಇಮೇಲನ್ನೇ ಕೊಟ್ಟುಬಿಟ್ಟಿದ್ದ.

ಅಷ್ಟರಲ್ಲಿ ಆ ಲಾರಿ ಮಾಲೀಕನ ಗಣಿಯ ಮ್ಯಾನೇಜರ್ ಜಡೆಪ್ಪ ಒಳಗೆ ಬಂದು ನಿಂತ.

"ಅಮ್ಮಾರ, ದೂರು ನಮ್ದ. ಬರದವ್ನ ಹೆಸರು ಹೇಳಿಬಿಡ್ರಿ. ಒಬ್ಬರ ಇರ್ತೀರಿ, ಯಾಕ ಬೇಕು ರಗಳೆ?"

ತ್ರಿವೇಣಿ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. "ದೂರು ಬಂದ್ರ ಬೈಗುಳ ತೆಗೀತೀವ್ರಿ. ಹೆಸರು ಪೊಲೀಸರು ಬರದು ಕೇಳಿದ್ರಷ್ಟ ಕೊಡೋದು. ನಮ್ಮ ಮನಿಯವ್ರು ಮಾಡಿದ ನಿಯಮ."

"ಅವ್ರು ಎಲ್ಲದಾರ್ರಿ ಈಗ?" ಜಡೆಪ್ಪ ನಕ್ಕು ಹೊರಟ.

ಅವಳು ಕಾಮೆಂಟಿನ ಕೊನೆಯ ಸಾಲನ್ನಷ್ಟೇ ಅಳಿಸಿದಳು. ಕಂಡೆ ಎಂದ ಮಾತು ಉಳಿಯಿತು. ಆಗ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಇಂಟರ್ನೆಟ್ಟಿನ ಡೇಟಾಕಾರ್ಡ್ ಕಣ್ಣಿಗೆ ಬಿತ್ತು. ಮನೋಹರ್ ಅದನ್ನು ಎರವಲು ತಂದಿದ್ದ. ಅದರ ಮೇಲೆ ಹಾಲೇಶನ ಸ್ಟುಡಿಯೋದ ಚೀಟಿ ಅಂಟಿತ್ತು. ಜಡೆಪ್ಪ ನೋಡಿರಬಹುದೇ?

ಅದನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ಸ್ಟುಡಿಯೋಗೆ ಓಡಿದಳು.

"ಇಟ್ಕೋರಿ ಅಕ್ಕಾ, ನಿಮಗ ಬೇಕಾಗ್ತದ," ಎಂದ ಹಾಲೇಶ್.

"ಬ್ಯಾಡಪ್ಪ. ಕಾಮೆಂಟ್ ಬರದವ್ರು ಯಾರಂತ ಜಡೆಪ್ಪ ಕೇಳ್ಕೋತ ಬಂದಿದ್ದ. ನಿನ್ನ ವಸ್ತು ನಮ್ಮನ್ಯಾಗ ಕಾಣಬಾರದು," ಎಂದು ಡೇಟಾಕಾರ್ಡನ್ನು ಅವನ ಕೈಗಿಟ್ಟಳು.