ಬಿಳಿ ಕಾರಿಗೆ ಅರಿಸಿನ

ನನ್ನ ಸೊಸೆ ರಮ್ಯಳಿಗೆ ಮೂವತ್ತು ದಾಟಿದೆ, ನರಸೀಪುರದಲ್ಲೇ ಬ್ಯಾಂಕಿನ ಕೆಲಸ. ಅವಳ ಗಾಜಿನ ಬೀರುವಿನ ತುಂಬ ರೋಬೋಟ್ ಆಟಿಕೆಗಳಿವೆ. ನೋಡುವುದಕ್ಕೆ ಕಾರು, ಲಾರಿ, ವಿಮಾನ. ಬಾಗಿಲು, ಚಕ್ರಗಳನ್ನು ಮಡಚಿ ತಿರುಗಿಸಿದರೆ ಕೈಕಾಲು ಮೂಡಿ ಮನುಷ್ಯರಂತೆ ಎದ್ದು ನಿಲ್ಲುತ್ತವೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನೆಂಟರು, "ಇವೆಲ್ಲ ಯಾವ ಮಗೀಗವ್ವ?" ಎಂದು ಕೇಳುತ್ತಿದ್ದರು. "ನಂಗೇ" ಎನ್ನುತ್ತಿದ್ದಳು. ಈಗ ಯಾರೂ ಕೇಳುವುದಿಲ್ಲ.

ಹೊಸ ಆಟಿಕೆ ಬಂದರೆ ಅದರ ಗುಣದೋಷ ಹೇಳಿ ಕನ್ನಡದಲ್ಲಿ ವಿಡಿಯೊ ಮಾಡುತ್ತಾಳೆ. ಈ ದಸರೆಗೆ ಮುಂಚೆ, ಅವಳ ವಿಡಿಯೊಗಳನ್ನು ನೋಡುವ ಶಾಲಿನಿ ಎಂಬ ಹುಡುಗಿ ನಂಜನಗೂಡಿನಿಂದ ಬಸ್ಸಿನಲ್ಲಿ ಬಂದು ತನ್ನ ಹೊಸ ರೋಬೋಟನ್ನು ಕೊಟ್ಟುಹೋಗಿದ್ದಳು. ರಮ್ಯಳ ಬಳಿಯಿದ್ದ ಕೆಂಪು ಕಾರಿನದೇ ಅಚ್ಚು, ಬಣ್ಣ ಮಾತ್ರ ಬಿಳಿ. ಅದಕ್ಕಾಗಿ ಆ ಹುಡುಗಿ ತಿಂಗಳುಗಟ್ಟಲೆ ಕಾದಿದ್ದಳಂತೆ.

"ಅಕ್ಕ, ಬರೀ ಬಣ್ಣ ಬದಲಾಯಿಸಿ ಹಳೇದನ್ನೇ ಕೊಟ್ಟವ್ರೋ, ಏನಾದ್ರೂ ಸರಿ ಮಾಡವ್ರೋ, ನೀವೇ ನೋಡಿ ಹೇಳ್ಬೇಕು. ಹಬ್ಬ ಮುಗಿಸ್ಕೊಂಡು ಬಂದು ಇಸ್ಕೋತೀನಿ" ಎಂದಿದ್ದಳು.

ಆಯುಧಪೂಜೆಯ ಬೆಳಿಗ್ಗೆ ರಮ್ಯ ಎರಡನ್ನೂ ಊಟದ ಮೇಜಿನ ಮೇಲೆ ನಿಲ್ಲಿಸಿಕೊಂಡು ಕೂತಿದ್ದಳು. ನನಗೂ ತೋರಿಸಿದಳು. "ನೋಡಿ ಅತ್ತೆ, ಕೆಂಪುದ್ರಲ್ಲಿ ಮೊಣಕಾಲು ಸಡಿಲ, ಬಿಳೀದ್ರಲ್ಲಿ ಬಿಗಿಯಾಗಿದೆ. ಆದ್ರೆ ಇದರ ಬಲತೋಳು ಸರಿಯಾಗಿ ಕೂತ್ಕೊಳಲ್ಲ." ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಕೆಂಪಿನಲ್ಲಿ ಕಾಣದೆ ಹೋಗಿದ್ದ ಕಣ್ಣು ಮೂಗು ಬಿಳಿಯದರಲ್ಲಿ ಸ್ಪಷ್ಟವಾಗಿದ್ದವು. ಸೌಮ್ಯವಾದ ಮುಖ. ಹಾಗೆಂದೆ, ಅದನ್ನೂ ವಿಡಿಯೊದಲ್ಲಿ ಹೇಳುತ್ತೇನೆ ಎಂದಳು. ಆಮೇಲೆ ಎರಡನ್ನೂ ಮಡಚಿ ಕಾರು ಮಾಡಿಟ್ಟು, ಸೇವಂತಿಗೆ ಹೂವು ತರಲು ಮಾರ್ಕೆಟ್ಟಿಗೆ ಹೊರಟಳು.

ನಮ್ಮ ಯಜಮಾನರು ದೊಡ್ಡಸಿದ್ದಯ್ಯನವರು ಆಯುಧಪೂಜೆಯಲ್ಲಿ ಯಾವುದನ್ನೂ ಬಿಡುವವರಲ್ಲ. ಸ್ಕೂಟರು, ಕಾರು, ಮೋಟರಿನ ಸ್ವಿಚ್ಚು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಅರಿಸಿನ, ವಿಭೂತಿ, ಕುಂಕುಮ ಆಗಬೇಕು. ನಾನು ಅಡುಗೆಮನೆಯಲ್ಲಿದ್ದೆ. ರಮ್ಯ ಹೂವು ಹಿಡಿದು ಬಂದಾಗ ಅವರು ಅರಿಸಿನದ ಬಟ್ಟಲು ಹಿಡಿದು ಊಟದ ಮೇಜಿನ ಹತ್ತಿರ ನಿಂತಿದ್ದರು. ಎರಡು ಆಟಿಕೆ ಕಾರುಗಳ ಬಾನೆಟ್ಟಿಗೂ ಅರಿಸಿನ ಬಿದ್ದಿತ್ತು.

"ಅಯ್ಯೋ ಮಾವ!"

"ಯಾಕ್ ಕೂಸು, ನಿಂಬೆಅಣ್ಣು ಇಟ್ಟಿಲ್ಲ ಅಂತ್ಲಾ? ಇದ್ರ ಮ್ಯಾಲೆ ಅತ್ತುಸ್ದ್ರೆ ಚಕ್ರ ಕಿತ್ತೋಯ್ತದೆ ಅಂತ ಬುಟ್ಟೆ. ನಿನ್ ಗಾಡಿಗೆ ಮಾತ್ರ ಪೂಜೆ ಇಲ್ಲ ಅಂದ್ರೆ ಚೆಂದಾಗಿರದಾ?"

"ಬಿಳೀದು ನಂದಲ್ಲ ಮಾವ. ಶಾಲಿನೀದು."

ಅವರ ಕೈ ಅಲ್ಲೇ ನಿಂತಿತು. ರಮ್ಯ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕೆಂಪು ಕಾರು ಏನೂ ಆಗದಂತೆ ಹೊಳೆಯಿತು. ಬಿಳಿಯದರ ಬಾನೆಟ್ಟು ಮಾತ್ರ ಮದುಮಗಳ ಕೆನ್ನೆಯಂತೆ ಹಳದಿ. ಸೋಪು, ಟೂತ್‌ಪೇಸ್ಟು, ಯಾವುದಕ್ಕೂ ಬಗ್ಗಲಿಲ್ಲ.

"ನಾಡಿದ್ದು ಬರ್ತಾಳೆ ಅತ್ತೆ. ನನ್ನ ನಂಬಿ ಕೊಟ್ಟೋಗಿದಾಳೆ. ಏನಂತ ಕೈಗಿಡ್ಲಿ?"

"ಬಿಸಿಲಿಗಿಡು. ಬಟ್ಟೆಗೆ ಆದ ಅರಿಸಿನ ಬಿಸಿಲಿಗೆ ಹೋಗಲ್ವಾ?" ಎಂದೆ.

"ಬಿಸಿಲಿಗೆ ಬಿಳಿ ಪ್ಲಾಸ್ಟಿಕ್ಕೇ ಹಳದಿ ಆಗತ್ತೆ ಅತ್ತೆ!"

"ವರ್ಷಗಟ್ಟಲೆ ಇಟ್ಟರೆ ಆಗಬಹುದು. ಒಂದು ದಿನಕ್ಕೆ ಏನಾಗಲ್ಲ."

ವಿಜಯದಶಮಿಯ ದಿನ ತಿಂಡಿಯಾದ ಮೇಲೆ ಯಜಮಾನರು ಕಾಣಲಿಲ್ಲ. ಮಹಡಿ ಹತ್ತಿ ನೋಡಿದರೆ ತಲೆಗೆ ಟವೆಲ್ ಸುತ್ತಿಕೊಂಡು ಮೊರದ ಪಕ್ಕ ಕೂತಿದ್ದಾರೆ. ಮೊರದಲ್ಲಿ ಬಿಳಿ ಕಾರು. ಬಿಸಿಲು ಸರಿದಂತೆ ಅದನ್ನೂ ತಿರುಗಿಸುತ್ತಾರೆ, ಕಾಗೆ ಬಂದರೆ ಓಡಿಸುತ್ತಾರೆ.

ಮಗ ಅಮೃತೇಶ್ ಮೇಲೆ ಬಂದು ನಕ್ಕ. "ಅಪ್ಪ, ಹಪ್ಪಳ ಒಣಗ್ತಾ?"

"ಓಗ್ಲಾ, ನಿನ್ ಕೆಲ್ಸ ನೋಡೋಗು."

ಮಗ ಹೋದವನು ಛತ್ರಿ ತಂದು ಅಪ್ಪನ ಪಕ್ಕದಲ್ಲಿಟ್ಟು ಹೋದ. ಅವರು ಅದನ್ನು ಬಿಚ್ಚಲಿಲ್ಲ, ನೆರಳು ಕಾರಿನ ಮೇಲೆ ಬಿದ್ದೀತೆಂದು.

ಸಂಜೆಗೆ ಬಾನೆಟ್ಟು ಬೆಳ್ಳಗಾಗಿತ್ತು. ಸಂದುಗಳಲ್ಲಿ ಮಾತ್ರ ಹಳದಿ ಎಳೆಗಳು ಉಳಿದಿದ್ದವು. ಮರುದಿನ ಶಾಲಿನಿ ಬರುವ ಹೊತ್ತಿಗೆ ರಮ್ಯ ಕೆಂಪು ಕಾರನ್ನೂ ಒರೆಸಿ ಬಿಳಿಯದರ ಪಕ್ಕದಲ್ಲಿಟ್ಟಿದ್ದಳು. ಆ ಕೆಂಪು ಕಾರು ಅವಳು ಮೊದಲ ಸಂಬಳದಲ್ಲಿ ಕೊಂಡದ್ದು. ಏಕೆ ಇಟ್ಟಿದ್ದಾಳೆಂದು ತಿಳಿಯಿತು.

ಶಾಲಿನಿ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲೇ ಯಜಮಾನರು ಎದ್ದರು. "ತಪ್ಪು ನಂದು ಕಣವ್ವ. ನಿನ್ ಗಾಡಿಗೆ ಅರಿಸಿನ ಆಕ್ಬುಟ್ಟೆ. ನಮ್ ಕೂಸುನ್ ಬಯ್ಬ್ಯಾಡ."

ಶಾಲಿನಿ ಬಿಳಿ ಕಾರನ್ನು ಎತ್ತಿಕೊಂಡಳು. ಬಾಗಿಲು ಬಿಡಿಸಿದಳು, ಕಾಲುಗಳನ್ನು ಹೊರಗೆಳೆದಳು, ನಿಲ್ಲಿಸಿದಳು. ಕತ್ತಿನ ಸುತ್ತ, ಕಂಕುಳಲ್ಲಿ ಹಳದಿ ಎಳೆ. ಅವಳ ಮುಖ ಸಪ್ಪಗಾಯಿತು.

ರಮ್ಯ ಕೆಂಪು ಕಾರನ್ನು ಅವಳ ಕಡೆ ಸರಿಸಿದಳು. "ಇದನ್ನ ತಗೊಂಡು ಹೋಗು ಶಾಲಿನಿ. ಅದು ಇಲ್ಲೇ ಇರಲಿ."

ಶಾಲಿನಿ ಕೆಂಪನ್ನು ಮುಟ್ಟಲಿಲ್ಲ. "ತಾತ, ಎರಡಕ್ಕೂ ಪೂಜೆ ಮಾಡಿದ್ರಾ?"

"ಊಂ ಕಣವ್ವ. ಬೇದ ಮಾಡಕಾದದಾ?"

"ನಮ್ಮಪ್ಪ ಇವನ್ನೆಲ್ಲ ಕಂಡ್ರೆ 'ಎಸಿ ಅತ್ಲಾಗೆ' ಅಂತಾರೆ. ಗಾಡಿ ಅಂತ ಒಪ್ಕೊಂಡೋರು ನೀವೊಬ್ರೇ." ಬಿಳಿಯದನ್ನು ಮಡಚಿ ಮತ್ತೆ ಕಾರು ಮಾಡಿ ಮಡಿಲಲ್ಲಿಟ್ಟುಕೊಂಡಳು. "ಅಕ್ಕ, ನಂಗೆ ನಂದೇ ಸಾಕು. ನೀವು ವಿಡಿಯೊ ಮಾಡಿ. ಕಲೆ ಮುಚ್ಚಿಡ್ಬೇಡಿ, ತೋರ್ಸಿ."

ನಾನು ಕಾಫಿ ಇಟ್ಟೆ. ಊಟದ ಮೇಜಿನಲ್ಲೇ ಇಬ್ಬರೂ ಕೂತರು. ಅಮೃತೇಶ್ ಫೋನ್ ಹಿಡಿದ.

"ಮೊಣಕಾಲು ಸರಿಮಾಡಿದ್ದಾರೆ, ಮುಖ ಚೆಂದ, ಬಲತೋಳು ಸಾಲದು" ಎಂದು ರಮ್ಯ ಹೇಳಿದಳು. "ಕೆಂಪು ಇರೋರೂ ಧೈರ್ಯವಾಗಿ ತಗೋಬಹುದು. ಆದ್ರೆ ಬಿಳಿ ಬಣ್ಣ ಅರಿಸಿನ ಹೀರ್ಕೊಳುತ್ತೆ. ಆಯುಧಪೂಜೆ ದಿನ ಕಾರು ಮಾಡಿ ಮೇಜಿನ ಮೇಲೆ ಬಿಟ್ಟು ಹೋಗಬೇಡಿ."

"ಬಿಳೀದಕ್ಕೆ ಬರೀ ಇಬೂತಿ ಸಾಕು ಅಂತ ಹೇಳವ್ವ, ಕಾಣಕಿಲ್ಲ" ಎಂದರು ಫೋನಿನ ಹಿಂದಿನಿಂದ ನಮ್ಮ ಯಜಮಾನರು.

ಶಾಲಿನಿ ಮೇಜಿಗೆ ಹಣೆಯಿಟ್ಟು ನಕ್ಕಳು. "ಅದನ್ನ ಮಾತ್ರ ಕಟ್ ಮಾಡ್ಬೇಡಿ ಅಕ್ಕ."