ಸುಬ್ಬಿಯ ಅಂಗಡಿಯ ಮುಂದೆ

ಕಾಸರಕೋಡದ ನೀಲಾಳ ಹೊಟ್ಟೆಯುರಿಗೆಲ್ಲ ಕಾರಣ ಸುಬ್ಬಿಯ ಗೂಡಂಗಡಿ. ಬೋಟಿಗೆಂದು ಮನೆಯಿಂದ ಹೊರಟ ಗಂಡ ದಾಸ ದಿನಾ ಆ ಅಂಗಡಿಯ ಮುಂದೆಯೇ ನಿಲ್ಲುತ್ತಿದ್ದ. ಬೀಡಿ ಹಚ್ಚಿ, ಕಂಬಕ್ಕೆ ಒರಗಿ, ಅದೂ ಇದೂ ಮಾತಾಡಿ ಆಮೇಲೆ ಮುಂದಕ್ಕೆ. ಸುಬ್ಬಿ ಗಂಡ ಸತ್ತವಳು. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಆ ಗುಳಿ ನೆನಪಾದರೆ ನೀಲಾಳ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಬೀಡಿಯ ನೆಪವನ್ನೇ ತಪ್ಪಿಸಿಬಿಡೋಣ ಎಂದು, ಮೀನು ಮಾರಲು ಹೊನ್ನಾವರಕ್ಕೆ ಹೋದಾಗಲೆಲ್ಲ ತಾನೇ ಬೀಡಿ ಕಟ್ಟು ತರತೊಡಗಿದಳು. ದಾಸನಿಗೆ ಖುಷಿಯೋ ಖುಷಿ. ಮೊದಲಿಗಿಂತ ಹೆಚ್ಚೇ ಸೇದಿದ. ಆದರೆ ನಿಲ್ಲುವುದು ಮಾತ್ರ ಅಲ್ಲೇ! ಕಿಸೆಯಲ್ಲಿ ಕಟ್ಟು ಇಟ್ಟುಕೊಂಡೂ ಸುಬ್ಬಿಯ ಎದುರು ನಿಲ್ಲುವ ಗಂಡಸಿಗೆ ಅಲ್ಲಿ ಬೇರೆ ಏನು ಕೆಲಸ, ನೀವೇ ಹೇಳಿ.

"ನಾಳೆಯಿಂದ ಸಮುದ್ರದ ಬದಿ ದಾರೀಲೇ ಹೋಗಿ. ಇಲ್ದಿದ್ರೆ ನಾ ತವರಿಗೆ ಹೋಗ್ತೆ," ಎಂದಳು ಕೊನೆಗೆ. ದಾಸ ಸುಮ್ಮನೆ ಒಪ್ಪಿಕೊಂಡ. ಅಷ್ಟು ಸುಲಭಕ್ಕೆ ಒಪ್ಪಿದ್ದೇ ಅವಳಿಗೆ ಅನುಮಾನ. ಸುಬ್ಬಿ ಅಲ್ಲಿಗೂ ಬರುತ್ತಾಳೇನೋ ಎಂದು ಮರುದಿನ ಮರೆಯಲ್ಲಿ ಹಿಂಬಾಲಿಸಿದಳು.

ಸುಬ್ಬಿ ಬರಲಿಲ್ಲ. ಮೀನು ಒಣಹಾಕಿದ ಜಾಗ ದಾಟುವಷ್ಟರಲ್ಲಿ ದಾಸ ತಟ್ಟನೆ ನಿಂತ. ಕವುಚಿ ಹಾಕಿದ ದೋಣಿಗೆ ಕೈಯೂರಿ, ಹಲ್ಲು ಕಚ್ಚಿ, ಕಾಲಿನ ಮೀನಖಂಡ ಹಿಸುಕಿಕೊಂಡ. ಸ್ವಲ್ಪ ಹೊತ್ತಿಗೆ ಏನೂ ಆಗದವನ ಹಾಗೆ ನಡೆದ. ಮತ್ತೆ ಅಷ್ಟೇ ದೂರ ಹೋಗಿ ಮತ್ತೆ ನಿಂತ. ನೀಲಾ ಓಡಿಬಂದು ಅವನ ತೋಳು ಹಿಡಿದಳು.

ಅವತ್ತೇ ಹೊನ್ನಾವರಕ್ಕೆ ಕರೆದೊಯ್ದಳು. ಡಾಕ್ಟರು ಪಾದದಲ್ಲಿ ನಾಡಿ ಹುಡುಕಿ ಹುಡುಕಿ ಸೋತರು. "ಬೀಡಿಯಿಂದ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ. ಅದಕ್ಕೇ ನಡೆದರೆ ನೋವು, ನಿಂತರೆ ಆರಾಮ. ಇವತ್ತೇ ಬಿಡಬೇಕು, ಇಲ್ಲದಿದ್ದರೆ ಮುಂದೆ ಕಾಲು ತೆಗೆಯಬೇಕಾದೀತು. ದಿನಕ್ಕೆ ಎಷ್ಟು ಸೇದುತ್ತೀರಿ?"

"ನಡುವೆ ಕಡ್ಮೆ ಆಗಿತ್ತು ಡಾಕ್ಟ್ರೇ," ಎಂದ ದಾಸ. "ನಾ ಕಾಲು ಹಿಡ್ಕಂಡು ನಿಲ್ಲೂದು ಕಂಡು ಅಂಗಡಿ ಸುಬ್ಬಿ ಬೀಡಿ ಕೊಡೂದೇ ಬಿಟ್ಟಿದ್ಲು. ಈಗ ಇವ್ಳೇ ತಂದ್ಕೊಡ್ತಾಳೆ. ಪಾಪ, ನನ್ ಮೇಲೆ ಅಷ್ಟು ಪ್ರೀತಿ."

ನೀಲಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ನನ್ ಹತ್ರ ಎಂತಕ್ಕೆ ಹೇಳ್ಲಿಲ್ಲ?"

"ನೀ ಹೆದ್ರೂದು ಬೇಡ ಅಂತ."

ತಾನು ಹೆದರಬಾರದಂತೆ, ಸುಬ್ಬಿಗೆ ಗೊತ್ತಾಗಬಹುದಂತೆ! ದುಃಖದ ಜೊತೆಗೇ ಹೊಟ್ಟೆಯೂ ಉರಿಯಿತು.

ನೋವು ಬಂದಾಗ ನಿಂತು, ಇಳಿದ ಮೇಲೆ ಮತ್ತೆ ನಡೆಯುತ್ತ, ದಿನಾ ನಡೆಯಲೇಬೇಕೆಂದು ಡಾಕ್ಟರು ಹೇಳಿ ಕಳಿಸಿದ್ದರು. ಮರುದಿನ ನೀಲಾ ಉಳಿದ ಬೀಡಿ ಕಟ್ಟುಗಳನ್ನೆಲ್ಲ ಒಲೆಗೆ ಹಾಕಿದಳು. ಗಂಡನಿಗಿಂತ ಮೊದಲೇ ಮನೆಯ ಪ್ಲಾಸ್ಟಿಕ್ ಕುರ್ಚಿ ಹೊತ್ತು ಸುಬ್ಬಿಯ ಅಂಗಡಿಗೆ ಹೋದಳು.

"ಇದು ಇಲ್ಲೇ ಇರ್ಲಿ. ಅವ್ರಿಗೆ ಕೂರೂಕೆ."

"ಆತು," ಎಂದು ಸುಬ್ಬಿ ನಕ್ಕಳು. ಕೆನ್ನೆಯಲ್ಲಿ ಗುಳಿ ಬಿತ್ತು.

ನೀಲಾ ಕುರ್ಚಿಯನ್ನು ಒಂದು ಮಾರು ದೂರಕ್ಕೆ ಎಳೆದು, ಕೂತವನ ಬೆನ್ನು ಅಂಗಡಿಯ ಕಡೆ ಬರುವ ಹಾಗೆ ತಿರುಗಿಸಿಟ್ಟಳು.